ಉತ್ತರದ ಹಲಗೆಯ ದೀಪ

ಮಾರ್ಚ್ ೩, ಭಾನುವಾರ

ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡ ಮತ್ತೆ ಒಂದೇ ಅಂಕದಲ್ಲಿ ಸೋತಿತು. ಸಿಟ್ಟು ಇನ್ನೂ ಇಳಿದಿಲ್ಲ. ಗಡಿಯಾರ ರಿಪೇರಿ ಮಾಡುವವಳು ಹೀಗೆ ಕುದಿಯುತ್ತಿದ್ದರೆ ನಾಳೆ ಅಂಗಡಿ ತೆರೆದ ಹಾಗೇ!

ಆಟ ಮುಗಿಯಲು ಒಂದು ನಿಮಿಷವೂ ಉಳಿದಿರಲಿಲ್ಲ. ನಮ್ಮ ಕುಳ್ಳಿ ಚೆಂಡು ಎಸೆದಳು. ಒಂಬತ್ತನೇ ನಂಬರಿನ ಹುಡುಗಿ. ಇಡೀ ತಂಡದಲ್ಲಿ ನನ್ನ ಎತ್ತರಕ್ಕೆ ಇರುವವಳು ಅವಳೊಬ್ಬಳೇ, ಅದಕ್ಕೇ ಅವಳ ಮೇಲೆ ಒಂದು ಪಾಲು ಅಕ್ಕರೆ ಜಾಸ್ತಿ. ಚೆಂಡು ಕಬ್ಬಿಣದ ಬಳೆಗೂ ತಾಗದೆ ಬಲೆಯೊಳಗೆ ಇಳಿಯಿತು. ಮೂರು ಸಾವಿರ ಜನ ಎದ್ದು ನಿಂತೆವು. ಆಗ ಆ ಉದ್ದಕಾಲ ರೆಫರಿ ಸೀಟಿ ಊದಿ ಎರಡೂ ಕೈ ಅಡ್ಡ ಆಡಿಸಿದ. ಇಲ್ಲವಂತೆ. ತಡವಾಯಿತಂತೆ.

"ಯಾಕಕ್ಕಾ, ಬಿತ್ತಲ್ಲ?" ಅಂದ ನನ್ನ ತಮ್ಮ. ಅಂಚೆ ಹಂಚಿ ನಿವೃತ್ತನಾದ ಮೇಲೆ ನನ್ನ ಜೊತೆಯಲ್ಲೇ ಇದ್ದಾನೆ. ಚಹಾದ ಫ್ಲಾಸ್ಕ್ ಹೊರಲು ಬರುತ್ತಾನೆಯೇ ಹೊರತು ಆಟ ಅವನ ತಲೆಗೆ ಹತ್ತುವುದಿಲ್ಲ.

"ಎಷ್ಟು ಸಲ ಹೇಳಲೋ ನಿನಗೆ? ಚೆಂಡು ಸಿಕ್ಕಿದ ಇಪ್ಪತ್ನಾಲ್ಕು ಸೆಕೆಂಡಲ್ಲಿ ಎಸೀಬೇಕು. ಹೊತ್ತು ಮುಗಿದ್ರೆ ಬುಟ್ಟಿ ಹಿಂದಿನ ಹಲಗೆ ಅಂಚಲ್ಲಿ ಹಳದಿ ದೀಪ ಹತ್ತುತ್ತೆ. ಆಗ ಚೆಂಡು ಇನ್ನೂ ಕೈಲಿದ್ರೆ, ಬಿದ್ರೂ ಲೆಕ್ಕಕ್ಕಿಲ್ಲ."

"ಇತ್ತಾ ಕೈಲಿ?"

"ಇತ್ತು ಕಣೋ. ಆದ್ರೆ ಹೊತ್ತು ಮುಗಿದಿರಲಿಲ್ಲ! ನಾನು ಒಳಗೇ ಎಣಿಸ್ತಿದ್ದೆ. ಇಪ್ಪತ್ಮೂರಕ್ಕೇ ಊದಿಬಿಟ್ಟ, ಕಳ್ಳ."

ಗೋಡೆಯ ದೊಡ್ಡ ಪರದೆಯಲ್ಲಿ ಮತ್ತೆ ತೋರಿಸಿದರು. ದೀಪ ಹತ್ತಿದೆ, ಚೆಂಡು ಬೆರಳ ತುದಿಯಲ್ಲೇ ಇದೆ. ಪರದೆಯೂ ಅವರದೇ ತಾನೆ, ಏನು ಬೇಕಾದರೂ ತೋರಿಸುತ್ತಾರೆ. ನಲವತ್ತು ವರ್ಷ ಟಿಕ್ ಟಿಕ್ ಕೇಳಿದ ಕಿವಿ ನನ್ನದು. ಯಾರೂ ಕಲಿಸಿದ್ದಲ್ಲ, ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಬಿಚ್ಚಿ ನಾನೇ ಕಲಿತದ್ದು. ಸೆಕೆಂಡ್ ಅಂದರೆ ಎಷ್ಟು ಉದ್ದ ಎಂದು ಆ ಉದ್ದಕಾಲ ನನಗೆ ಹೇಳಿಕೊಡಬೇಕಾಗಿಲ್ಲ.

ಹೊಸ ಹಾಡು ಕಟ್ಟಿದೆ. "ಉದ್ದಕಾಲ, ಉದ್ದಕಾಲ, ಕಣ್ಣು ಎಲ್ಲಿ ಬಿಟ್ಟು ಬಂದೆ?" ನಮ್ಮ ಸಾಲಿನಿಂದ ಶುರುವಾಗಿ ಐದು ನಿಮಿಷಕ್ಕೆ ಇಡೀ ಹಾಲ್ ಹಾಡಿತು. ಅಷ್ಟರಮಟ್ಟಿಗೆ ಈ ಭಾನುವಾರ ದಂಡವಾಗಲಿಲ್ಲ.

ಮಾರ್ಚ್ ೫, ಮಂಗಳವಾರ

ಪೇಪರಿನಲ್ಲಿ ಬಂದಿದೆ. ಕೊನೆಯ ಎರಡು ತಂಡಗಳು ಕೆಳದರ್ಜೆಗೆ ಇಳಿಯುತ್ತವೆ ಎಂಬುದು ಗೊತ್ತಿದ್ದದ್ದೇ. ನಾವು ಕೊನೆಯಿಂದ ಎರಡನೆಯವರು, ಅದೂ ಗೊತ್ತು. ಗೊತ್ತಿಲ್ಲದ್ದು ಇದು: ಇಳಿದರೆ ತಂಡವನ್ನೇ ಮುಚ್ಚುತ್ತಾರಂತೆ. ಆಟದ ಹಾಲ್ ಅನ್ನು ಸಾಮಾನು ತುಂಬುವ ಗೋದಾಮಿಗೆ ಕೊಡುತ್ತಾರಂತೆ.

ಪೇಪರ್ ಮಡಚಿ ಲೆನ್ಸ್ ಕಣ್ಣಿಗೆ ಹಾಕಿಕೊಂಡೆ. ಸುಮಾರು ಹೊತ್ತು ಅದರೊಳಗಿಂದ ಏನೂ ಕಾಣಲಿಲ್ಲ.

ವಾರವಿಡೀ ನನ್ನ ಗೂಡಂಗಡಿಗೆ ಬರುವವರು ಹತ್ತು ಹನ್ನೆರಡು ಜನ. ಈಗ ಎಲ್ಲರೂ ಫೋನಿನಲ್ಲೇ ಹೊತ್ತು ನೋಡುವವರು. ಭಾನುವಾರ ಆ ಹಾಲಿಗೆ ಕಾಲಿಟ್ಟರೆ ಮಾತ್ರ "ಗಡಿಯಾರದಮ್ಮ ಬಂದ್ರು, ಜಾಗ ಬಿಡ್ರೋ" ಎಂದು ಸಾಲಿಗೆ ಸಾಲೇ ಮೊಣಕಾಲು ಮಡಚಿಕೊಳ್ಳುತ್ತದೆ. ಅದನ್ನೂ ಗೋದಾಮಿನೊಳಗೆ ತುಂಬುತ್ತಾರಂತೆ.

ರೆಫರಿಗಳ ತಪ್ಪು ಬರೆದಿಡುವ ನನ್ನ ಅನ್ಯಾಯದ ಪುಸ್ತಕ ತೆಗೆದು ನೋಡಿದೆ. ಜನವರಿಯಿಂದ ಈಚೆಗೆ ನಮ್ಮವರ ಹದಿಮೂರು ಬುಟ್ಟಿ ಹೀಗೇ ನುಂಗಿದ್ದಾರೆ. ಎಲ್ಲವೂ ಎರಡನೇ ಅರ್ಧದಲ್ಲಿ. ಎಲ್ಲವೂ ಉತ್ತರದ ಬುಟ್ಟಿಯಲ್ಲಿ. ಸಂಚಲ್ಲದೆ ಮತ್ತೇನು?

ಮಾರ್ಚ್ ೧೦, ಭಾನುವಾರ

ಸಿಕ್ಕಿಬಿದ್ದರು! ನನ್ನ ಹಳೇ ಸ್ಟಾಪ್‌ವಾಚ್ ಒಯ್ದಿದ್ದೆ. ಚೆಂಡು ಸಿಕ್ಕ ಕೂಡಲೇ ಒತ್ತುವುದು, ದೀಪ ಹತ್ತಿದ ಕೂಡಲೇ ಒತ್ತುವುದು. ಮೂರು ಸಲ ಹಿಡಿದೆ. ಮೂರು ಸಲವೂ ಇಪ್ಪತ್ಮೂರಕ್ಕಿಂತ ಕಮ್ಮಿ! ಹಾಲಿನ ಗಡಿಯಾರವೇ ಮುಂದೆ ಓಡುತ್ತಿದೆ. ಹೊತ್ತಿನ ಮೇಜಿನಲ್ಲಿ ಕೂತು ಗಡಿಯಾರ ನಡೆಸುವ ಹೆಂಗಸು, ಆ ಉದ್ದಕಾಲ, ಇಬ್ಬರೂ ಸೇರಿಕೊಂಡಿದ್ದಾರೆ. ಇಡೀ ಸಾಲಿಗೆ ತೋರಿಸಿದೆ. ಹಿಂದಿನ ಸಾಲಿಗೂ ತೋರಿಸಿದೆ.

ಇವತ್ತು ಗೆದ್ದೆವು ಅನ್ನುವುದನ್ನು ಬರೆಯುವುದೇ ಮರೆತಿದ್ದೆ.

ಮಾರ್ಚ್ ೧೩, ಬುಧವಾರ

ಬರೆಯಬಾರದು ಅಂದುಕೊಂಡಿದ್ದೆ.

ತಂಡದ ಮ್ಯಾನೇಜರ ಬಳಿಗೆ ಹೋದೆ. ಅವರು ಹೊತ್ತಿನ ಮೇಜಿನ ಹೆಂಗಸನ್ನು ಕರೆದರು. ಅವಳು ಮೇಜಿನ ಗಡಿಯಾರ ಓಡಿಸಿದಳು, ಪಕ್ಕದಲ್ಲಿ ಮ್ಯಾನೇಜರರ ಫೋನು, ನನ್ನ ಕೈಯಲ್ಲಿ ಸ್ಟಾಪ್‌ವಾಚು. ಮೇಜಿನದು ಇಪ್ಪತ್ನಾಲ್ಕು. ಫೋನಿನದು ಇಪ್ಪತ್ನಾಲ್ಕು. ನನ್ನದು ಇಪ್ಪತ್ಮೂರೂವರೆ.

"ಅಮ್ಮಾ," ಅಂದಳು ಅವಳು, ನಗದೇ ಹೇಳಿದಳು, ಅದೇ ಹೊಟ್ಟೆ ಉರಿಸಿದ್ದು, "ನಿಮ್ಮದಕ್ಕೇ ಸ್ವಲ್ಪ ಎಣ್ಣೆ ಬೇಕಿತ್ತೇನೋ."

ಅಂಗಡಿಗೆ ಬಂದು ಬಿಚ್ಚಿದೆ. ಒಳಗಿನ ಎಣ್ಣೆ ಒಣಗಿ ಅಂಟಾಗಿದೆ. ಊರವರ ಗಡಿಯಾರಕ್ಕೆಲ್ಲ ವರ್ಷ ವರ್ಷ ಎಣ್ಣೆ ಹಾಕಿಸಿಕೊಳ್ಳಿ ಎಂದು ಬುದ್ಧಿ ಹೇಳುವವಳು, ನನ್ನದನ್ನು ಹತ್ತೊಂಬತ್ತು ವರ್ಷದಿಂದ ತೆಗೆದಿರಲಿಲ್ಲ.

ತಮ್ಮ ಸೂಪು ಬಿಸಿಮಾಡಿ ತಂದಿಟ್ಟ.

ಮಾರ್ಚ್ ೧೭, ಭಾನುವಾರ

ಸೋಲು. ಉದ್ದಕಾಲ ಹದಿನಾಲ್ಕನೆಯ ಬುಟ್ಟಿ ನುಂಗಿದ. ಆಮೇಲೆ ಹದಿನೈದನೆಯದು.

ಹದಿನೈದನೆಯದಕ್ಕೆ ನಾನು ಕುರ್ಚಿಯ ಮೇಲೆ ಹತ್ತಿದೆನಂತೆ. ತಮ್ಮನ ಟೋಪಿ ಕಿತ್ತು ಎಸೆದೆನಂತೆ. ಅಂತೆ ಏನು ಬಂತು, ಎಸೆದೆ. ಅದು ಹೋಗಿ ಉದ್ದಕಾಲನ ಭುಜಕ್ಕೆ ಬಿತ್ತು. ಅವನು ನಿಂತ, ಬಗ್ಗಿ ಎತ್ತಿಕೊಂಡ, ಧೂಳು ಕೊಡವಿದ, ಕಾವಲಿನವನ ಕೈಗೆ ಕೊಟ್ಟು ಆಟ ಮುಂದುವರಿಸಿದ. ಎಂಥ ಸೊಕ್ಕು!

ಕಾವಲಿನವನು ನನ್ನನ್ನು ಮ್ಯಾನೇಜರ ಮುಂದೆ ನಿಲ್ಲಿಸಿದ. "ಇನ್ನೊಂದು ಸಲ ಹೀಗಾದ್ರೆ ನಿಮ್ಮ ಪಂದ್ಯ ನೋಡೋ ಕಾರ್ಡ್ ರದ್ದು ಮಾಡಬೇಕಾಗುತ್ತಮ್ಮ. ಮನಸ್ಸಿಲ್ಲದೆ ಹೇಳ್ತಿದ್ದೀನಿ," ಅಂದರು. ಇನ್ನು ಮೇಲೆ ನಮ್ಮ ಜಾಗವೂ ಬದಲು. ಉತ್ತರದ ಹಲಗೆಯ ಹಿಂದೆ, ಕಂಬದ ಪಕ್ಕದ ಎರಡು ಕುರ್ಚಿ. ಅಲ್ಲಿಂದ ಆಟದ ಅರ್ಧ ಕಾಣುವುದಿಲ್ಲ. ಯಾರೂ ಕೂರದ ಜಾಗ.

ದಾರಿಯುದ್ದಕ್ಕೂ ತಮ್ಮ ತಲೆ ಸವರಿಕೊಳ್ಳುತ್ತ ಬಂದ. "ಟೋಪಿ ಅವರ ಹತ್ರಾನೇ ಉಳೀತಲ್ಲಕ್ಕಾ." ಇಡೀ ತಂಡ ಮುಳುಗುತ್ತಿದೆ, ಇವನಿಗೆ ಟೋಪಿಯ ಚಿಂತೆ.

ಮಾರ್ಚ್ ೨೪, ಭಾನುವಾರ

ಪಂದ್ಯ ಪರವೂರಿನಲ್ಲಿ. ರೇಡಿಯೋದಲ್ಲಿ ಕೇಳಿದೆವು. ಹನ್ನೆರಡು ಅಂಕದಿಂದ ಗೆದ್ದೆವು. ಅಲ್ಲಿ ಒಂದು ಬುಟ್ಟಿಯೂ ತಡವಾಗಲಿಲ್ಲ. ಅಲ್ಲಿ ಊದಿದವನೂ ಉದ್ದಕಾಲನೇ. ಇದು ನನಗೆ ಅರ್ಥವಾಗಲಿಲ್ಲ. ಸ್ಟಾಪ್‌ವಾಚಿಗೆ ಎಣ್ಣೆ ಹಾಕಿ ಮುಚ್ಚಿದೆ.

ಮಾರ್ಚ್ ೩೧, ಭಾನುವಾರ

ನಿಧಾನವಾಗಿ ಬರೆಯುತ್ತೇನೆ. ಒಂದೂ ಬಿಟ್ಟುಹೋಗಬಾರದು.

ಕಂಬದ ಪಕ್ಕ ಕೂತೆವು. ಮುಂದೆ ಗಾಜಿನ ಹಲಗೆಯ ಬೆನ್ನು, ಅದರ ಮೇಲೆ ಇಪ್ಪತ್ನಾಲ್ಕರಿಂದ ಸೊನ್ನೆಗೆ ಇಳಿಯುವ ಗಡಿಯಾರದ ಅಂಕಿಗಳು. ಆ ಅಂಕಿಗಳು ಹಿಂದಕ್ಕೂ ಕಾಣುತ್ತವೆಂದು ನನಗೆ ಈವತ್ತೇ ಗೊತ್ತಾದದ್ದು. ಆಟ ಸರಿಯಾಗಿ ಕಾಣದ್ದಕ್ಕೆ ಅದನ್ನೇ ನೋಡುತ್ತ ಕೂತೆ.

ಮೊದಲರ್ಧದಲ್ಲಿ ಈ ಬುಟ್ಟಿ ಎದುರಾಳಿಗಳದು. ಅವರ ಉದ್ದ ಜಡೆಯ ಹುಡುಗಿ ಚೆಂಡು ಎತ್ತಿದಳು, ದೀಪ ಹತ್ತಿತು, ಎಸೆದಳು, ಬಿತ್ತು. ಉದ್ದಕಾಲ ಊದಿದ, ಇಲ್ಲ ಎಂದು ಕೈ ಆಡಿಸಿದ. ನಮ್ಮವರೆಲ್ಲ ಹೋ ಎಂದು ಚಪ್ಪಾಳೆ. ನಾನೂ ಕೈ ಎತ್ತಿದೆ. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು.

ದೀಪ ಹತ್ತಿದಾಗ ಮೇಲಿನ ಅಂಕಿ ಸೊನ್ನೆ ಆಗಿರಲಿಲ್ಲ. ಇನ್ನೂ ಅರ್ಧ ಸೆಕೆಂಡಿಗೂ ಮಿಕ್ಕಿ ಉಳಿದಿತ್ತು.

"ಲೋ, ನೋಡಿದೆಯಾ?"

"ಏನನ್ನ? ನನಗೆ ಕಂಬ ಕಾಣ್ತಿದೆ."

"ಚೆಂಡು ನೋಡ್ಬೇಡ. ಆಟಾನೇ ನೋಡ್ಬೇಡ. ದೀಪ ಹತ್ತಿದ ಕೂಡಲೇ ಮೇಲಿನ ಅಂಕಿ ಎಷ್ಟು ಅಂತ ಹೇಳು."

ಮೂವತ್ತು ವರ್ಷ ಮನೆ ನಂಬರು ಓದಿದ ಕಣ್ಣು ಅವನದು. ಎರಡನೇ ಅರ್ಧದಲ್ಲಿ ಕಡೆಗೂ ಒಂದು ಕೆಲಸ ಸಿಕ್ಕ ಖುಷಿಯಲ್ಲಿ ಕೂಗಿ ಕೂಗಿ ಹೇಳಿದ. "ಸೊನ್ನೆ ಚುಕ್ಕೆ ಆರು! ... ಅಕ್ಕಾ, ಮತ್ತೆ ಆರು! ... ಆರೇ!" ಆ ಮೂರರಲ್ಲಿ ಎರಡು ನಮ್ಮವರ ಒಳ್ಳೇ ಬುಟ್ಟಿಗಳು. ಅಂದರೆ ಗಡಿಯಾರ ಸರಿ, ಮೇಜಿನ ಹೆಂಗಸು ಸರಿ. ಹಲಗೆಯ ದೀಪ ಮಾತ್ರ ಅವಸರದ್ದು. ರೆಫರಿ ನೋಡುವುದು ದೀಪ. ಪರದೆ ತೋರಿಸುವುದೂ ದೀಪ.

ನಾವು ನಮ್ಮ ಹಾಲಿನಲ್ಲಿ ಯಾವಾಗಲೂ ಎರಡನೇ ಅರ್ಧವನ್ನು ಈ ಬುಟ್ಟಿಗೇ ಆಡುವುದು. ಅದಕ್ಕೇ ಹೊಡೆತವೆಲ್ಲ ಕೊನೆಗೆ, ನಮಗೆ. ಬಂದವರಿಗೆ ಬೀಳುವುದು ಮೊದಲರ್ಧದಲ್ಲಿ. ಆಗ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ನಾವು ಚಪ್ಪಾಳೆ ತಟ್ಟುತ್ತ ಇರುತ್ತೇವೆ. ನನ್ನ ಪುಸ್ತಕದಲ್ಲಿ ಅವರದು ಒಂದೂ ಇಲ್ಲ.

ಪಂದ್ಯ ಎರಡು ಅಂಕದಿಂದ ಸೋತೆವು. ಮುಂದಿನ ಭಾನುವಾರ ಕೊನೆಯದು. ಗೆದ್ದರೆ ಉಳಿದೆವು.

ಮ್ಯಾನೇಜರ ಬಳಿ ಇನ್ನೊಮ್ಮೆ ಹೋಗುವ ಮುಖ ನನಗಿರಲಿಲ್ಲ. ರೆಫರಿಗಳು ಹೊರಡುವ ಪಕ್ಕದ ಬಾಗಿಲಲ್ಲಿ ನಿಂತೆ. ಉದ್ದಕಾಲ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಹತ್ತಿರದಿಂದ ನೋಡಿದರೆ ಅಷ್ಟೇನೂ ಉದ್ದವಿಲ್ಲ, ಸಣಕಲು ಅಷ್ಟೆ. ಬಲ ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

"ನೀವು ಟೋಪಿಯವರಲ್ವಾ?" ಅಂದ.

"ಹೌದು."

"ಇವತ್ತು ಏನು ತಂದಿದ್ದೀರಿ?"

"ಇವತ್ತು ಒಂದು ಮಾತು ತಂದಿದ್ದೀನಿ. ಎರಡು ನಿಮಿಷ ಕೇಳ್ತೀರಾ?"

ಚೀಲ ಕೆಳಗಿಟ್ಟು ಪೂರ್ತಿ ಕೇಳಿದ. ಕೇಳಿದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

"ಅಮ್ಮಾ, ಜನವರಿಯಿಂದ ಈ ಹಾಲಿಗೆ ಬಂದಾಗೆಲ್ಲ ನನಗೂ ಏನೋ ಒಂದು ಥರ. ಹೊತ್ತಿದೆ ಅನ್ನಿಸುತ್ತೆ, ನೋಡಿದ್ರೆ ದೀಪ ಹತ್ತಿರುತ್ತೆ. ಜನರ ಗದ್ದಲದಲ್ಲಿ ಹೊತ್ತು ಮುಗಿದ ಗಂಟೆ ಕೇಳಲ್ಲ, ದೀಪಾನೇ ನಂಬಬೇಕು. ಮನೇಲಿ ವೀಡಿಯೋ ಹಾಕಿ ನೋಡಿದ್ರೂ ದೀಪಾನೇ ಸರಿ ಅನ್ನುತ್ತೆ. ನಿಮ್ಮ ಜನ ಹಾಡೋ ಹಾಡು ಕೇಳಿ ಕೇಳಿ ಎರಡು ಸಲ ಕಣ್ಣಿನ ಡಾಕ್ಟರ ಹತ್ರ ಹೋಗಿಬಂದೆ."

ಆ ಹಾಡು ಕಟ್ಟಿದವಳು ನಾನೇ ಎಂದು ಅಲ್ಲೇ ಹೇಳಬೇಕಿತ್ತು.

ಮುಂದಿನ ಭಾನುವಾರವೂ ಊದಲು ಅವರೇ ಬರುತ್ತಾರಂತೆ. ಆಟಕ್ಕೆ ಮುಂಚೆ ಸಾಮಾನು ಪರೀಕ್ಷೆ ಮಾಡಿಸುವ ಅಧಿಕಾರ ರೆಫರಿಯದಂತೆ. "ಎರಡು ಗಂಟೆ ಮುಂಚೆ ಬನ್ನಿ. ನೀವೇ ತೋರಿಸಿ," ಅಂದರು.

ಏಪ್ರಿಲ್ ೨, ಮಂಗಳವಾರ

ಆರು ಜನ ಅಂಗಡಿಗೆ ಬಂದರು, ಆರೂ ಜನ ರೆಫರಿಯನ್ನು ಬೈಯಲು. ಒಬ್ಬನ ಗಡಿಯಾರದ ಪಟ್ಟಿ ಹೊಲಿಯಬೇಕಿತ್ತು, ಹೊಲಿದು ಮುಗಿಸುವವರೆಗೂ ಬೈದ. "ಪುಸ್ತಕ ತೋರಿಸಮ್ಮ, ಎಷ್ಟಾಯ್ತು?" ಅಂದ. ಎಲ್ಲಿಟ್ಟೆನೋ ಸಿಗುತ್ತಿಲ್ಲ ಅಂದೆ. ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು.

ಏಪ್ರಿಲ್ ೫, ಶುಕ್ರವಾರ

ನಿದ್ದೆ ಸರಿಯಾಗಿಲ್ಲ. ದೀಪದ ವಿಷಯ ನಾನೇ ತಪ್ಪು ಹಿಡಿದಿದ್ದರೆ? ಒಮ್ಮೆ ಎಡವಿದವಳನ್ನು ಎರಡನೇ ಸಲ ಯಾರು ನಂಬುತ್ತಾರೆ? ತಮ್ಮನನ್ನು ಕೇಳಿದೆ.

"ಆರು ಅಂದ್ರೆ ಆರೇ ಅಕ್ಕಾ," ಅಂದ. "ನಾನು ಒಂದು ಕಾಗದಾನೂ ತಪ್ಪು ಮನೆಗೆ ಹಾಕಿದವನಲ್ಲ."

ಏಪ್ರಿಲ್ ೭, ಭಾನುವಾರ

ಮಧ್ಯಾಹ್ನವೇ ಹೋದೆವು. ಖಾಲಿ ಹಾಲ್ ಎಷ್ಟು ದೊಡ್ಡದು! ನಮ್ಮ ಹೆಜ್ಜೆಯ ಸದ್ದು ಛಾವಣಿಗೆ ಹೋಗಿ ವಾಪಸ್ ಬರುತ್ತಿತ್ತು. ರೆಫರಿಯವರು, ಮ್ಯಾನೇಜರು, ಹೊತ್ತಿನ ಮೇಜಿನ ಹೆಂಗಸು, ಎದುರು ತಂಡದ ಕೋಚ್, ಎಲ್ಲರೂ ಉತ್ತರದ ಹಲಗೆಯ ಕೆಳಗೆ. ಎದುರು ತಂಡದವರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಪರೀಕ್ಷೆಯೇ ಅಲ್ಲ ಎಂದು ರೆಫರಿಯವರು ಪಟ್ಟು ಹಿಡಿದಿದ್ದರಂತೆ. ನನ್ನನ್ನು ಕಂಡು ಮ್ಯಾನೇಜರ ಮುಖ ಸಣ್ಣದಾಯಿತು. "ಮತ್ತೆ ಗಡಿಯಾರವೇನಮ್ಮಾ?"

"ಈ ಸಲ ನನ್ನ ಕೈಲಿ ಏನೂ ಇಲ್ಲ ನೋಡಿ," ಎಂದು ಎರಡೂ ಕೈ ತೋರಿಸಿದೆ. "ಅಂಕಿ ನೋಡಿ. ದೀಪ ನೋಡಿ. ಅಷ್ಟೇ."

ಮೇಜಿನವಳು ಗಡಿಯಾರ ಓಡಿಸಿದಳು. ಐದು, ನಾಲ್ಕು, ಮೂರು, ಎರಡು, ಒಂದು. ದೀಪ ಹತ್ತಿತು. ಅಂಕಿ ಇನ್ನೂ ಇಳಿಯುತ್ತಿತ್ತು. ಆಮೇಲೆ ಗಂಟೆ ಬಾರಿಸಿತು. ಅಷ್ಟು ನಿಶ್ಶಬ್ದದಲ್ಲಿ ಎರಡರ ನಡುವಿನ ಸಂದು ಕುರುಡನಿಗೂ ಕಿವುಡನಿಗೂ ಗೊತ್ತಾಗುವ ಹಾಗಿತ್ತು.

"ಇನ್ನೊಂದು ಸಲ," ಅಂದರು ರೆಫರಿಯವರು. ಇನ್ನೊಂದು ಸಲವೂ ಅದೇ.

ಮೇಜಿನವಳು ಹಣೆ ಹಿಡಿದುಕೊಂಡಳು. "ಜನವರಿಯಲ್ಲಿ ಈ ಹಲಗೆ ಒಡೆದಿತ್ತು, ಹೊಸದು ಹಾಕಿದ್ವಿ. ದೀಪದ ಪೆಟ್ಟಿಗೆ ಮಾತ್ರ ಹಳೇದೇ ಇಟ್ವಿ, ಅದು ಹೊಸ ದೀಪಕ್ಕೆ ಹೊಂದಿಲ್ಲ. ನಾನು ಅವತ್ತು ಮೇಜು ನೋಡಿದೆ, ದೀಪ ನೋಡಲಿಲ್ಲಮ್ಮ." ಅವಳ ಕಣ್ಣು ತುಂಬಿತು. ಅವಳಿಗೆ ಹೇಳಬೇಕಾದ ಖಾರದ ಮಾತೊಂದು ನನ್ನಲ್ಲಿ ಎಣ್ಣೆಯ ಮಾತು ಕೇಳಿದ ಆ ಬುಧವಾರದಿಂದ ಸಿದ್ಧವಿತ್ತು. ಯಾಕೋ ಆ ಹೊತ್ತಿಗೆ ನೆನಪಾಗಲಿಲ್ಲ. ಬೆನ್ನು ತಟ್ಟಿದೆ.

ಪೆಟ್ಟಿಗೆ ಬದಲಾಯಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೋದ ಪಂದ್ಯಗಳು ಹೋದವೇ, ಅವನ್ನು ತಿರುಗಿ ಆಡಿಸುವುದಿಲ್ಲ ಎಂದರು ರೆಫರಿಯವರು. ಅವರು ಹೊರಡುವ ಮುಂಚೆ ನುಂಗಿಕೊಂಡಿದ್ದದ್ದನ್ನು ಹೇಳಿಬಿಟ್ಟೆ. "ಆ ಹಾಡು ಕಟ್ಟಿದ್ದು ನಾನು."

ಅವರು ನನ್ನನ್ನೇ ನೋಡಿದರು. "ರಾಗ ಚೆನ್ನಾಗಿದೆ," ಅಂದರು. "ನನ್ನ ಹೆಂಡತಿ ಪಾತ್ರೆ ತೊಳೆಯೋವಾಗ ಹಾಡ್ತಾಳೆ."

ಮ್ಯಾನೇಜರು ನಮ್ಮನ್ನು ಹಳೇ ಜಾಗಕ್ಕೇ ಕಳಿಸಿದರು. ಸಾಲಿಗೆ ಸಾಲೇ ಮೊಣಕಾಲು ಮಡಚಿತು.

ಇನ್ನು ಆಟ. ಎಲ್ಲವನ್ನೂ ಬರೆಯಲಾರೆ. ಮೊದಲರ್ಧ ಹಿಂದೆ, ಮೂರನೇ ಭಾಗದಲ್ಲಿ ಸಮ, ಕೊನೆಗೆ ಮತ್ತೆ ಹಿಂದೆ. ಮೂವತ್ತು ಸೆಕೆಂಡ್ ಉಳಿದಾಗ ಅವರದು ಎಪ್ಪತ್ತೆರಡು, ನಮ್ಮದು ಎಪ್ಪತ್ತೊಂದು, ಚೆಂಡು ನಮ್ಮದು. ಅವರು ಗೋಡೆ ಕಟ್ಟಿದ ಹಾಗೆ ನಿಂತಿದ್ದಾರೆ, ನಮ್ಮವರಿಗೆ ಸಂದಿ ಸಿಗುತ್ತಿಲ್ಲ. ನಾನು ಒಳಗೆ ಎಣಿಸುತ್ತಿದ್ದೇನೆ. ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು. ದೀಪ. ಆಮೇಲೆ ಕುಳ್ಳಿಯ ಕೈಯಿಂದ ಚೆಂಡು ಹೊರಟಿತು. ಬಿತ್ತು.

ಹಾಲ್ ಸಿಡಿಯಿತು. ರೆಫರಿಯವರು ಊದಿ ಎರಡೂ ಕೈ ಅಡ್ಡ ಆಡಿಸಿದರು. ಇಲ್ಲ.

ಮೂರು ಸಾವಿರ ಗಂಟಲು ಒಟ್ಟಿಗೆ ಬೈದರೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ನಾನು ಅದರ ಒಳಗೇ ಇದ್ದೆನಲ್ಲ. ನನ್ನ ಪಕ್ಕದವನು ಬಾಟಲಿ ಎತ್ತಿದ. ಅವನ ಮಣಿಕಟ್ಟು ಹಿಡಿದೆ.

"ತಡವಾಯ್ತು ಕಣಯ್ಯ. ದೀಪ ಬಂದಾಗ ಚೆಂಡು ಅವಳ ಕೈಲೇ ಇತ್ತು. ಅವರು ಹೇಳಿದ್ದು ಸರಿ."

"ಏನಜ್ಜಿ, ನೀನು ಯಾರ ಕಡೆ?"

"ನಿನ್ನ ಕಡೇನೇ! ಅದಕ್ಕೇ ಹೇಳ್ತಿರೋದು. ಇನ್ನೂ ಆರು ಸೆಕೆಂಡಿದೆ, ಬಾಟಲಿ ಇಟ್ಟು ಆಟ ನೋಡು! ಕುಳ್ಳೀ, ಬಿಡಬೇಡ್ವೇ! ಹಿಡಿಯೇ ಅವರನ್ನ!"

ಸಾಲಿನಲ್ಲಿ ಒಬ್ಬೊಬ್ಬರೇ "ಹಿಡಿಯೇ, ಹಿಡಿಯೇ" ಅನ್ನತೊಡಗಿದರು. ಬೈಗುಳ ಹೇಗೆ ಹುರುಪಾಗಿ ಬದಲಾಯಿತೋ ಕಾಣೆ, ಛಾವಣಿ ಅದಿರುವಷ್ಟು ಕೂಗು.

ಚೆಂಡು ಈಗ ಅವರದು, ಗೆರೆಯ ಆಚೆಯಿಂದ ಆಟದೊಳಗೆ ಎಸೆಯಬೇಕಾದದ್ದು ನಾವು ಹಾಕುವ ಬುಟ್ಟಿಯ ಪಕ್ಕದಿಂದಲೇ. ಅವರ ಹುಡುಗಿಯೊಬ್ಬಳು ಕೈ ಎತ್ತಿದಳು, ಕೂಗಿಗೆ ಅವಳ ಜೊತೆಯವರ ಮಾತು ಕೇಳಿಸುತ್ತಿರಲಿಲ್ಲ, ಅರೆಗಳಿಗೆ ತಡೆದು ಎಸೆದಳು. ನಮ್ಮ ಎತ್ತರದ ಹುಡುಗಿಯ ಬೆರಳು ತಾಗಿತು. ಚೆಂಡು ನೆಲಕ್ಕೆ ಬಿದ್ದು ಪುಟಿಯಿತು. ಎಲ್ಲರೂ ಮೇಲೆ ಕೈ ಚಾಚಿದ್ದಾರೆ, ಚೆಂಡು ಕೆಳಗಿದೆ. ಕೆಳಗೆ ಇದ್ದವಳು ಒಬ್ಬಳೇ. ಕುಳ್ಳಿ ಅದನ್ನು ನೆಲದಿಂದಲೇ ಬಾಚಿ, ಎರಡು ಹೆಜ್ಜೆ ಇಟ್ಟು, ಹಲಗೆಗೆ ತಾಗಿಸಿ ಒಳಗೆ ಹಾಕಿದಳು.

ರೆಫರಿಯವರ ಕೈ ಮೇಲೆ ಹೋಯಿತು, ಎರಡು ಬೆರಳು ಕೆಳಗೆ ಬಂತು. ಉಂಟು! ಉಳಿದ ಎರಡು ಸೆಕೆಂಡಿನಲ್ಲಿ ಅವರು ಅಷ್ಟು ದೂರದಿಂದ ಎಸೆದದ್ದು ಬುಟ್ಟಿಯ ಕಂಬಕ್ಕೂ ತಾಗಲಿಲ್ಲ.

ಆಮೇಲೆ ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಿಲ್ಲ. ಬಾಟಲಿಯವನು ನನ್ನನ್ನು ನೆಲದಿಂದ ಎತ್ತಿದ. ತಮ್ಮ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತಿದ್ದ. "ಮುಗೀತಾ ಅಕ್ಕಾ? ಗೋದಾಮಾ?"

"ಗೋದಾಮೂ ಇಲ್ಲ, ಗೀದಾಮೂ ಇಲ್ಲ! ಏಳೋ, ಕಣ್ಣು ಬಿಡೋ!"

ಬಸ್ಸು ಸಿಗಲಿಲ್ಲ, ಸಿಕ್ಕರೂ ಹತ್ತುತ್ತಿರಲಿಲ್ಲ. ರಸ್ತೆಯ ಅಗಲಕ್ಕೂ ನಮ್ಮ ಜನ. ಕಿಟಕಿಗಳಿಂದ ತಲೆ ಹೊರಗೆ ಹಾಕಿ ಕೇಳಿದವರಿಗೆಲ್ಲ ತಮ್ಮ ಅಂಕ ಹೇಳುತ್ತ ಬಂದ. ಮನೆ ಮನೆಗೂ, ಒಂದೂ ಬಿಡದ ಹಾಗೆ.

ನನ್ನ ಗಂಟಲು ಪೂರ್ತಿ ಹೋಗಿದೆ. ಚಹಾ ಬೇಕಾ ಎಂದು ಕೇಳಿದರೆ ತಲೆ ಆಡಿಸುತ್ತೇನೆ ಅಷ್ಟೆ. ಬರೆಯುವುದಕ್ಕೆ ಗಂಟಲು ಬೇಕಿಲ್ಲವಲ್ಲ, ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಎಪ್ಪತ್ತಮೂರು, ಎಪ್ಪತ್ತೆರಡು. ಗೆದ್ದೆವು.